ಇಲಿ ಉಣ್ಣುವುದನ್ನು ನೋಡಲು ಹೋಗಿದ್ದೆ

ಹೆದರಿದ ಇಲಿ ಎಷ್ಟು ಹೊತ್ತಿಗೆ ಊಟಕ್ಕೆ ಬಾಯಿ ಹಾಕುತ್ತದೆ ಎಂದು ನೋಡುವುದಕ್ಕೆ ನಾನು ಬೆಂಗಳೂರಿನಿಂದ ಹತ್ತು ಗಂಟೆ ವಿಮಾನದಲ್ಲಿ ಕೂತು ನೆದರ್ಲೆಂಡ್ಸ್‌ಗೆ ಹೋದೆ. ಊರಲ್ಲಿ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ.

"ಇಲಿ ನೋಡಕ್ಕೆ ಅಷ್ಟು ದೂರ ಯಾಕ್ಲಾ ಸೀನ? ನಮ್ಮನೆ ರಾಗಿ ಮೂಟೆ ಹತ್ರ ಬಂದು ಕೂತ್ಕೊ, ಬೇಕಾದಷ್ಟು ಬರ್ತವೆ" ಎಂದು ಲಕ್ಕೂರಿನಲ್ಲಿರುವ ನನ್ನ ಅಕ್ಕ ನಕ್ಕಳು.

ನಾನು ಕೋಲಾರದ ಒಂದು ದಿನಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷದಿಂದ ವರದಿಗಾರ. ಕೃಷಿ ಮತ್ತು ಆರೋಗ್ಯ ನನ್ನ ಪಾಲಿನ ಪುಟ. ವಿಜ್ಞಾನದ ಸುದ್ದಿ ಬರೆಯುವವರನ್ನು ನೆದರ್ಲೆಂಡ್ಸ್‌ನ ಸಂಶೋಧನಾ ಕೇಂದ್ರವೊಂದು ಹತ್ತು ದಿನಕ್ಕೆ ಕರೆಸಿಕೊಳ್ಳುತ್ತದೆ. ಅರ್ಜಿ ಹಾಕುವಾಗಲೇ ಯಾವ ಪ್ರಯೋಗಾಲಯ ನೋಡಬೇಕೆಂದು ಆರಿಸಿಕೊಳ್ಳಬೇಕು. ಪಟ್ಟಿಯಲ್ಲಿ ಹಾಲು ಇತ್ತು, ಗೊಬ್ಬರ ಇತ್ತು, ಟೊಮ್ಯಾಟೊ ಗಿಡದ ರೋಗ ಇತ್ತು. ಕೋಲಾರದವನು ಟೊಮ್ಯಾಟೊ ಬಿಟ್ಟು ಇಲಿ ಯಾಕೆ ಆರಿಸಿದ ಎಂದು ನಮ್ಮ ಸಂಪಾದಕರು ಎರಡು ಸಲ ಕೇಳಿದರು. ಕೆಲಸದ ಕಾರಣ ಹೇಳಿದೆ. ನಿಜವಾದ ಕಾರಣ ನನ್ನ ಹೆಂಡತಿ ಸುಜಾತ.

ಸುಜಾತ ಮುಳಬಾಗಿಲು ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮ್ಮ ಮನೆಯೂ ಅಲ್ಲೇ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುಂಚೆ ಒಬ್ಬ ಶಿಕ್ಷಕರು ಉಂಡು ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಉಂಡು ನೋಡಿದಳು, ಸಹಿ ಹಾಕಿದಳು, ಮಕ್ಕಳು ಉಂಡರು. ಸಂಜೆಯ ಹೊತ್ತಿಗೆ ಮಕ್ಕಳಿಗೆ ವಾಂತಿ ಶುರುವಾಯಿತು. ಒಂದೆರಡು ದಿನದಲ್ಲಿ ಎಲ್ಲರೂ ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಹೋದರು. ಅವಳಿಗೆ ಏನೂ ಆಗಲಿಲ್ಲ. ಕಾರಣ ಕೊನೆಗೂ ಗೊತ್ತಾಗಲಿಲ್ಲ. ಅವಳದು ತಪ್ಪಿಲ್ಲ ಎಂದು ಇಲಾಖೆಯವರು ಬರೆದುಕೊಟ್ಟರು. ಆ ಸುದ್ದಿಯನ್ನು ನಮ್ಮ ಪತ್ರಿಕೆಗೆ ಬರೆದವನು ನಾನೇ. ಅವಳ ಹೆಸರು ಹಾಕಲಿಲ್ಲ. 'ರುಚಿ ನೋಡಿದ ಶಿಕ್ಷಕಿ' ಎಂದು ಹಾಕಿದೆ.

ಆವತ್ತಿನಿಂದ ಅವಳ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ತಟ್ಟೆಯ ಮುಂದೆ ಕೂರುತ್ತಾಳೆ, ಮುದ್ದೆ ಮುರಿಯುತ್ತಾಳೆ, ಕೈ ಅಲ್ಲೇ ನಿಲ್ಲುತ್ತದೆ. ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಾಳೆ. ಡಾಕ್ಟರು ಕೊಟ್ಟ ಮೊದಲ ಮಾತ್ರೆಗೆ ಚೆನ್ನಾಗಿಯೇ ಉಂಡಳು. ಮೂರು ವಾರಕ್ಕೆ ತಾನಾಗಿಯೇ ನಿಲ್ಲಿಸಿಬಿಟ್ಟಳು. "ಹಸಿವು ನಂದಲ್ಲ ರೀ, ಮಾತ್ರೇದು. ಕ್ಲಾಸಲ್ಲಿ ನಿಂತ್ಕೊಂಡೇ ತೂಕಡಿಸ್ತೀನಿ" ಎಂದಳು. ಇನ್ನೊಂದು ಮಾತ್ರೆ ಇದೆ, ಅದು ಬೇರೆ ಥರದ್ದು, ಕೆಲಸ ಶುರು ಮಾಡುವುದಕ್ಕೇ ಕೆಲವು ವಾರ ಬೇಕು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಆ ಚೀಟಿ ಆರು ತಿಂಗಳಿಂದ ಕ್ಯಾಲೆಂಡರಿನ ಹಿಂದೆ ಇದೆ.

ನಾನು ಹೊರಡುವ ದಿನ ಸುಜಾತ ನನ್ನ ಸ್ವೆಟರ್ ಮಡಿಸುತ್ತಾ, "ಅಲ್ಲಿ ಕೇಳ್ಕೊಂಡ್ ಬನ್ನಿ" ಎಂದಳು.

"ಏನು?"

"ಆ ಮಾತ್ರೆ ತಗೊಂಡ್ರೆ ನಾನು ನಾನಾಗೇ ಇರ್ತೀನಾ ಅಂತ."

"ಯಾರನ್ನ ಕೇಳಲಿ, ಇಲಿಗಳನ್ನಾ?"

"ಅವಕ್ಕೇ ಚೆನ್ನಾಗ್ ಗೊತ್ತಿರತ್ತೆ, ಕೇಳಿ" ಎಂದಳು. ನಗುತ್ತಿರಲಿಲ್ಲ.

ಹತ್ತು ದಿನ ಅವಳ ಜೊತೆಗಿರಲು ಲಕ್ಕೂರಿನಿಂದ ಅಕ್ಕ ಬಂದಳು. ಒಂದು ಚೀಲ ಅವರೆಕಾಯಿ ತಂದಳು. ನನ್ನ ಪೆಟ್ಟಿಗೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿ ಇಟ್ಟಳು.

ಪರದೆ ಇಲ್ಲದ ಬೀದಿ

ಊರಿನ ಹೆಸರು ಬರೆಯುವುದಿಲ್ಲ ಎಂದು ಪ್ರಯೋಗಾಲಯದವರಿಗೆ ಮಾತು ಕೊಟ್ಟಿದ್ದೇನೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಜಾಗ, ಬಾಗಿಲಿಗೆ ಬಂದು ಕೂಗಾಡುವವರಿದ್ದಾರೆ. ಆ ಕಟ್ಟಡಕ್ಕೆ ಬೋರ್ಡು ಕೂಡ ಇಲ್ಲ. ಉತ್ತರದ ಕಡೆಯ ಚಪ್ಪಟೆ ಊರು, ನಡುವೆ ಕಾಲುವೆ, ಡಿಸೆಂಬರಿನ ಚಳಿ ಎಂದಷ್ಟೇ ಹೇಳಬಹುದು. ಸುತ್ತ ಎಲ್ಲಿ ನೋಡಿದರೂ ಒಂದು ಗುಡ್ಡ ಇಲ್ಲ. ಕುರುಡುಮಲೆಯ ಬಂಡೆಗಳನ್ನು ನೋಡುತ್ತಾ ಬೆಳೆದ ಕಣ್ಣಿಗೆ ಊರಿಗೆ ಗೋಡೆಯೇ ಇಲ್ಲವೇನೋ ಅನ್ನಿಸುತ್ತಿತ್ತು.

ಮೊದಲ ಸಂಜೆ ಸುಮ್ಮನೆ ನಡೆಯಲು ಹೋದೆ. ಆರು ಗಂಟೆ. ಬೀದಿಯ ಎರಡೂ ಬದಿ ಮನೆಗಳು, ಪ್ರತಿ ಮನೆಗೂ ಆಳೆತ್ತರದ ಗಾಜಿನ ಕಿಟಕಿ, ಒಂದಕ್ಕೂ ಪರದೆ ಇಲ್ಲ. ಒಳಗೆ ದೀಪ. ಎಲ್ಲ ಮನೆಯಲ್ಲೂ ಅದೇ ಹೊತ್ತಿಗೆ ಊಟ. ಬೀದಿಯಲ್ಲಿ ಹೋಗುವವರಿಗೆ ಆಲೂಗೆಡ್ಡೆ, ಫೋರ್ಕು, ಬಾಯಿ ಎಲ್ಲ ಕಾಣುತ್ತದೆ. ಅವರಿಗೆ ಅದರ ಗೊಡವೆಯೇ ಇಲ್ಲ.

ನಮ್ಮ ಕಡೆ ಉಣ್ಣುವವರ ಬಾಯಿ ನೋಡಬಾರದು ಎಂದು ಚಿಕ್ಕಂದಿನಲ್ಲೇ ಹೇಳಿಕೊಡುತ್ತಾರೆ. ಯಾರ ಮನೆಗಾದರೂ ಊಟದ ಹೊತ್ತಿಗೆ ಹೋಗಿಬಿಟ್ಟರೆ ಅವರು "ಬನ್ನಿ, ಊಟ ಮಾಡೋಣ" ಎನ್ನುತ್ತಾರೆ, ನಾವು "ಆಯ್ತು, ನೀವು ಮಾಡಿ" ಎಂದು ಜಗಲಿಗೆ ಹೋಗಿ ಕೂರುತ್ತೇವೆ. ನಾನು ತಲೆ ತಗ್ಗಿಸಿ ಆ ಬೀದಿ ದಾಟಿದೆ. ತುದಿಯ ಮನೆಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ನಮ್ಮ ವಯಸ್ಸಿನವರೇ. ಅವಳು ಏನೋ ಹೇಳಿ ಅವನ ತಟ್ಟೆಯಿಂದ ಒಂದು ತುಂಡು ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು. ನಾನು ನಿಂತೆ. ಎರಡು ವರ್ಷದ ಹಿಂದೆ ಸುಜಾತ ನನ್ನ ತಟ್ಟೆಯಿಂದ ಹಪ್ಪಳ ಮುರಿದುಕೊಳ್ಳುತ್ತಿದ್ದಳು. ಆಗ ಬೈಯುತ್ತಿದ್ದೆ.

ಮಂಗಳವಾರ, ಕೆಂಪು ಕೋಣೆ

ಪ್ರಯೋಗಾಲಯದಲ್ಲಿ ನನ್ನನ್ನು ನೋಡಿಕೊಂಡವರು ಇಬ್ಬರು. ಮುಖ್ಯಸ್ಥೆ ಮರೈಕೆ, ಐವತ್ತರ ಆಸುಪಾಸು, ಒಂದು ಪ್ರಶ್ನೆಗೆ ಒಂದೇ ಉತ್ತರ ಕೊಡುವ ಹೆಂಗಸು. ಇಲಿಗಳಿಗೆ ನೀರು, ಮೇವು, ಹಾಸು ನೋಡಿಕೊಳ್ಳುವ ಹೆಂಕ್, ದನ ಸಾಕಿದ ಮನೆಯಿಂದ ಬಂದ ದೊಡ್ಡ ಆಳು. ಸೈಕಲ್ಲಿನಲ್ಲಿ ಬರುತ್ತಿದ್ದ.

ಇಲಿ ರಾತ್ರಿಯ ಪ್ರಾಣಿ. ಹಾಗಾಗಿ ಅವುಗಳ ಕೋಣೆಯಲ್ಲಿ ಹಗಲು ರಾತ್ರಿಯನ್ನು ತಿರುವಿ ಇಟ್ಟಿದ್ದಾರೆ. ಹೊರಗೆ ಬೆಳಿಗ್ಗೆ ಹತ್ತು ಗಂಟೆಯಾದರೆ ಒಳಗೆ ಕತ್ತಲು, ಒಂದು ಮಂದ ಕೆಂಪು ದೀಪ. ಆ ಕೆಂಪು ಇಲಿಗಳ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲವಂತೆ.

ಬರುವ ಮುಂಚೆಯೇ ಪತ್ರ ಬರೆದಿದ್ದರು: ಮೂರು ದಿನ ಮೊದಲಿನಿಂದ ಪರಿಮಳದ ಸೋಪು ಬೇಡ, ಸೆಂಟು ಬೇಡ, ತಲೆಗೆ ಎಣ್ಣೆ ಬೇಡ. ಎಲ್ಲ ಪಾಲಿಸಿದ್ದೆ. ಎಣ್ಣೆ ಇಲ್ಲದೆ ತಲೆ ಹುಲ್ಲಿನ ಮೆದೆಯಂತೆ ನಿಂತಿತ್ತು. ಗೌನು, ಟೋಪಿ, ಕೈಗವಸು, ಮಾಸ್ಕು ಹಾಕಿಕೊಂಡು ಒಳಗೆ ಹೋದೆವು. ಮೊದಲ ಇಲಿಯನ್ನು ಹೊರಗೆ ತೆಗೆದರು. ಅದು ಮೂತಿ ಎತ್ತಿ ನನ್ನ ಕಡೆ ಮೂಸುತ್ತಾ ನಿಂತಿತು. ಎರಡನೆಯದೂ ಹಾಗೇ. ಮೂರನೆಯದು ಮೂಲೆ ಬಿಟ್ಟು ಬರಲೇ ಇಲ್ಲ. ಹೆಂಕ್ ನನ್ನ ಹತ್ತಿರ ಬಂದು ಬಗ್ಗಿ ಮೂಸಿದ.

"ಬೆಳಿಗ್ಗೆ ಏನು ತಿಂದಿರಿ?"

ಹೋಟೆಲಿನಲ್ಲಿ ಕೊಟ್ಟದ್ದು ತಣ್ಣನೆಯ ಬ್ರೆಡ್ಡು. ಅಲ್ಲಿ ದೊಡ್ಡವರೇ ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ತಿನ್ನುತ್ತಾರೆ. ನನಗೆ ಸೇರಲಿಲ್ಲ. ಕೋಣೆಗೆ ಒಯ್ದು ಅಕ್ಕನ ಉಪ್ಪಿನಕಾಯಿ ಹಚ್ಚಿ ಕೈಯಲ್ಲೇ ತಿಂದಿದ್ದೆ. ಇಂಗು, ಬೆಳ್ಳುಳ್ಳಿ, ಸಾಸಿವೆ. ಸೋಪಿನ ವಿಷಯ ನೆನಪಿಟ್ಟುಕೊಂಡವನಿಗೆ ಊಟದ ವಿಷಯ ಹೊಳೆದೇ ಇರಲಿಲ್ಲ. ಉಪ್ಪಿನಕಾಯಿ ಒಂದು ವಾಸನೆ ಎಂದು ನಾವು ಯಾವತ್ತು ಅಂದುಕೊಂಡಿದ್ದೇವೆ?

ಮರೈಕೆ ಗಡಿಯಾರ ನೋಡಿ, "ಈ ಬೆಳಗಿನ ಲೆಕ್ಕ ಬಿಡಬೇಕು" ಎಂದರು. ಕೋಪವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ನಮ್ಮೂರಲ್ಲಿ ಉಣ್ಣದೆ ಬಂದ ಅತಿಥಿಯನ್ನು ಬೈಯುತ್ತಾರೆ. ಉಂಡು ಬಂದದ್ದಕ್ಕೆ ನನ್ನನ್ನು ಹೊರಗೆ ಕಳಿಸಿದರು.

ಹೊರಗೆ ಹೆಂಕ್ ಸಮಾಧಾನ ಹೇಳಿದ. "ಹಿಂದೆ ಒಬ್ಬರು ಬೆಕ್ಕು ಸಾಕಿದವರು ಬಂದಿದ್ದರು. ಅದಕ್ಕಿಂತ ನೀವು ವಾಸಿ." ಆಮೇಲೆ, "ಆ ಬಾಟಲಿಯಲ್ಲಿ ಇನ್ನೂ ಇದೆಯಾ?" ಎಂದು ಕೇಳಿದ.

ಪ್ರಯೋಗ ಮುಗಿದ ಮೇಲೆ ಈ ಇಲಿಗಳು ಏನಾಗುತ್ತವೆ ಎಂದು ನಾನು ಕೇಳಿದೆ. ಕೊಲ್ಲುತ್ತಾರೆ, ಮಿದುಳು ನೋಡಬೇಕು ಎಂದ. "ನೋವಿಲ್ಲದ ಹಾಗೆ. ಆ ಕೆಲಸ ನಾನೇ ಮಾಡುತ್ತೇನೆ. ಗುರುತಿಲ್ಲದವರ ಕೈಗೆ ಕೊಡುವುದಿಲ್ಲ." ಅದನ್ನೂ ಬರೆದುಕೊಂಡೆ.

ಬುಧವಾರ, ಪಕ್ಕದ ಕೋಣೆ

ಮರುದಿನದಿಂದ ನನ್ನ ಜಾಗ ಪಕ್ಕದ ಕೋಣೆ. ಗೋಡೆಯ ಆಚೆಗೆ ಇಲಿ, ಈಚೆಗೆ ಟಿವಿಯಂಥ ಪರದೆ. ಇದು ಉಪ್ಪಿನಕಾಯಿಯ ಶಿಕ್ಷೆ ಎಂದುಕೊಂಡಿದ್ದೆ. ಮರೈಕೆಯೂ ಬಂದು ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು. ಇಲಿಯನ್ನು ಬಿಟ್ಟ ಹೆಂಕ್ ಕೂಡ ಬಾಗಿಲು ಎಳೆದುಕೊಂಡು ಈಚೆಗೆ ಬಂದ.

"ಯಾರೂ ಒಳಗಿರುವುದಿಲ್ಲವಾ?"

"ಯಾರೂ ಇಲ್ಲ" ಎಂದರು ಮರೈಕೆ. "ಮನುಷ್ಯ ಕೋಣೆಯಲ್ಲಿದ್ದರೆ ನಾವು ಅಳೆಯುವುದು ಮನುಷ್ಯನನ್ನು."

ಪರೀಕ್ಷೆ ಸರಳ. ಒಂದು ದಿನ ಮೇವು ಹಾಕದೆ ಹಸಿದಿರುವ ಇಲಿ. ಅದು ಕಂಡರಿಯದ ದೊಡ್ಡ ಪೆಟ್ಟಿಗೆ, ಮೇಲೆ ಪ್ರಖರ ದೀಪ. ನಟ್ಟನಡುವೆ ಒಂದು ಬಿಳಿ ಕಾಗದ, ಅದರ ಮೇಲೆ ಒಂದೇ ಒಂದು ತುಂಡು ಮೇವು. ತಿನ್ನಬೇಕಾದರೆ ಬೆಳಕಿಗೆ ಬರಬೇಕು. ಇಲಿ ಗೋಡೆಗೆ ಮೈ ಒತ್ತಿಕೊಂಡು ಸುತ್ತುತ್ತದೆ. ಎರಡು ಹೆಜ್ಜೆ ನಡುವೆ ಬರುತ್ತದೆ, ಓಡಿ ಹೋಗುತ್ತದೆ. ಮತ್ತೆ ಬರುತ್ತದೆ, ಮೂಸುತ್ತದೆ, ಮುಂಗಾಲಿನಲ್ಲಿ ಮೇವು ಮುಟ್ಟುತ್ತದೆ, ಬಿಟ್ಟು ಓಡುತ್ತದೆ. ಆ ಮುಂಗಾಲು ಮೇವಿನ ಮೇಲೆ ನಿಂತ ರೀತಿ ನನಗೆ ಗೊತ್ತಿತ್ತು. ದಿನಾ ಎರಡು ಹೊತ್ತು ನೋಡಿದ್ದೇನೆ.

ಮೊದಲ ಸಲ ಕಚ್ಚಿದ ಹೊತ್ತನ್ನು ಬರೆದುಕೊಳ್ಳುತ್ತಾರೆ. ಕೆಲವು ಇಲಿಗಳಿಗೆ ಔಷಧ ಕೊಟ್ಟಿರುತ್ತಾರೆ, ಕೆಲವಕ್ಕೆ ಬರೀ ಉಪ್ಪುನೀರಿನ ಚುಚ್ಚುಮದ್ದು. ಯಾವುದಕ್ಕೆ ಯಾವುದೆಂದು ನೋಡುವವರಿಗೂ ಹೇಳುವುದಿಲ್ಲ. ಅಲ್ಲಿಗೆ ಮುಗಿಯಿತು ಎಂದು ನಾನು ಪೆನ್ನಿನ ಕ್ಯಾಪು ಹಾಕುತ್ತಿದ್ದೆ.

"ಈಗಲೇ ಬೇಡ" ಎಂದರು ಮರೈಕೆ. "ಅರ್ಧ ಮಾತ್ರ ಆಗಿದೆ."

ಹೆಂಕ್ ಆ ಇಲಿಯನ್ನು ಎತ್ತಿ ಅದರ ಸ್ವಂತ ಗೂಡಿಗೆ ಬಿಟ್ಟ. ಅಲ್ಲಿ ಅದೇ ಹಳೆಯ ಹಾಸು, ಅದೇ ಕತ್ತಲು. ಅಲ್ಲೂ ಅದೇ ಮೇವು ಇಟ್ಟು ಈಚೆಗೆ ಬಂದ. ಬೆಳಕಿನಲ್ಲಿ ಕೊನೆಯವರೆಗೂ ಬಾಯಿ ಹಾಕದಿದ್ದ ಇಲಿ ಗೂಡಿನಲ್ಲಿ ಎರಡೂ ಕೈಯಲ್ಲಿ ಮೇವು ಹಿಡಿದು ಗಬಗಬನೆ ತಿಂದಿತು.

"ಹಸಿವಿಲ್ಲದ ಇಲಿಯೂ ತಿನ್ನುವುದಿಲ್ಲ, ಹೆದರಿದ ಇಲಿಯೂ ತಿನ್ನುವುದಿಲ್ಲ" ಎಂದು ಮರೈಕೆ ವಿವರಿಸಿದರು. "ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತದೆ. ಔಷಧದಲ್ಲೂ ಹಾಗೇ. ಕೆಲವು ಹೆದರಿಕೆ ಇಳಿಸುತ್ತವೆ. ಕೆಲವು ಬರೀ ಹಸಿವು ಏರಿಸುತ್ತವೆ. ಕೆಲವು ಎರಡನ್ನೂ ಮಾಡುತ್ತವೆ. ಗೂಡಿಗೆ ವಾಪಸ್ ಬಿಟ್ಟು ನೋಡದೆ ಯಾವುದು ಏನೆಂದು ಹೇಳಲಾಗುವುದಿಲ್ಲ."

ಹಸಿವು ನಂದಲ್ಲ, ಮಾತ್ರೇದು ಎಂದು ಸುಜಾತ ಹೇಳಿದ್ದು ಇದನ್ನೇ. ನಾನು ಅದನ್ನು ಹಟ ಎಂದುಕೊಂಡಿದ್ದೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾನು ಅಲ್ಲಿಗೆ ಬಂದ ಕೆಲಸ ಮಾಡಿದೆ. ನನ್ನ ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ಎರಡು ವರ್ಷದಿಂದ ಸುಜಾತ ಪ್ರತಿ ಹೊತ್ತು ಏನು ತಿಂದಳು, ಎಷ್ಟು ಬಿಟ್ಟಳು, ಎಷ್ಟು ನಿಮಿಷ ಕೂತಿದ್ದಳು, ಎಲ್ಲ ತಾರೀಖಿನ ಸಮೇತ ಬರೆದಿಟ್ಟಿದ್ದೆ. 'ಮುದ್ದೆ ಕಾಲು ಭಾಗ. ಸಾರು ಮುಟ್ಟಲಿಲ್ಲ.' 'ಇಡ್ಲಿ ಒಂದು, ಎರಡನೆಯದು ಮುರಿದು ಬಿಟ್ಟಳು.' ಡಾಕ್ಟರಿಗೆ ಅನುಕೂಲವಾಗಲಿ ಎಂದು ಶುರು ಮಾಡಿದ್ದು, ಅಭ್ಯಾಸವಾಗಿತ್ತು. ಪುಟ ತಿರುವಿ ಮರೈಕೆಗೆ ಅರ್ಥ ಹೇಳಿದೆ. ಎರಡನೆಯ ಮಾತ್ರೆಯ ಹೆಸರನ್ನೂ ತೋರಿಸಿದೆ.

"ಮಾತ್ರೆಯ ವಿಷಯ ನಿಮ್ಮ ಡಾಕ್ಟರನ್ನು ಕೇಳಿ" ಎಂದರು. "ಆ ಗುಂಪಿನ ಔಷಧಗಳು ನಿಧಾನ ಎನ್ನುವುದು ನಿಜ. ಅದಕ್ಕಿಂತ ಹೆಚ್ಚಿಗೆ ನನ್ನ ಇಲಿಗಳು ನಿಮ್ಮ ಹೆಂಡತಿಯ ಬಗ್ಗೆ ಏನೂ ಹೇಳಲಾರವು. ನಾನು ಹೇಳಿದರೆ ಸುಳ್ಳಾಗುತ್ತದೆ."

ಇಷ್ಟು ದೂರ ಬಂದದ್ದಕ್ಕೆ ಅದೇ ಉತ್ತರ. ನಾನು ನೋಟ್‌ಬುಕ್ ಮುಚ್ಚುವಾಗ ಅವರು ಕೈ ಅಡ್ಡ ಇಟ್ಟು ಇನ್ನೆರಡು ಪುಟ ನೋಡಿದರು.

"ಒಳ್ಳೆಯ ದಾಖಲೆ. ನನ್ನ ವಿದ್ಯಾರ್ಥಿಗಳು ಇಷ್ಟು ಶಿಸ್ತಾಗಿ ಬರೆಯುವುದಿಲ್ಲ. ಬರೆಯುವಾಗ ನೀವು ಎಲ್ಲಿ ಕೂತಿರುತ್ತೀರಿ?"

"ಎದುರಿಗೆ" ಎಂದೆ.

ಅವರು ತಲೆಯಾಡಿಸಿ ಕಾಫಿ ಕುಡಿದರು. ಬಡಿಸಿಕೊಂಡ ಬ್ರೆಡ್ಡು ನನ್ನ ತಟ್ಟೆಯಲ್ಲಿ ಹಾಗೇ ಉಳಿಯಿತು.

ಗುರುವಾರ, ಕಾಲುವೆಯ ದಂಡೆ

ನಾಲ್ಕೂವರೆ ಗಂಟೆಯ ವ್ಯತ್ಯಾಸ. ಸುಜಾತ ಶಾಲೆಯಲ್ಲಿರುವ ಹೊತ್ತು ನೋಡಿ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ಸುಜಾತ ಉಣ್ಣುವಾಗ ನೀನು ಎಲ್ಲಿರ್ತೀಯ?"

"ಎಲ್ಲಿರ್ತೀನಿ? ಹಿತ್ತಲಲ್ಲಿ. ಅವರೆಕಾಯಿ ಸುಲಿಯೋರು ಯಾರು, ನಿಮ್ಮಪ್ಪ ಬರ್ತಾನಾ?"

"ನಮ್ಮಪ್ಪ ಅಂದ್ರೆ ನಿಮ್ಮಪ್ಪಾನೂ ಅಲ್ವೇನೇ."

"ಅದಿರ್ಲಿ, ಯಾಕೆ ಕೇಳ್ತೀಯ?"

"ತಿಂತಾಳಾ?"

"ಲೇ, ಅವಳ ತುತ್ತು ಎಣಿಸೋದು ನನ್ನ ಕೆಲ್ಸನಾ? ಅದು ನಿಂದು. ನಾನು ಮಾಡಿ ಮುಚ್ಚಿಟ್ಟು ಹೋಗ್ತೀನಿ. ವಾಪಸ್ ಬಂದ್ರೆ ತಟ್ಟೆ ತೊಳ್ದು ಬೋರಲು ಹಾಕಿರ್ತಾಳೆ. ತಿಂದ್ಲೋ ನಾಯಿಗೆ ಹಾಕಿದ್ಲೋ ನಂಗೊತ್ತಿಲ್ಲ ಕಣೋ."

"ಸ್ವಲ್ಪ ನೋಡ್ಬಾರ್ದಾ?"

"ನೋಡಲ್ಲ" ಎಂದಳು ಅಕ್ಕ. ಅವರೆಕಾಯಿ ಬಿಡಿಸುತ್ತಲೇ ಮುಂದುವರಿಸಿದಳು. "ಸೀನ, ಬೈಕೋಬೇಡ. ನೀನು ಅವಳ ಎದುರಿಗೆ ಪೆನ್ನು ಹಿಡ್ಕೊಂಡು ಕೂತ್ಕೊಂಡ್ರೆ ನಂಗೇ ತುತ್ತು ಇಳಿಯಲ್ಲ. ಹಬ್ಬಕ್ಕೆ ಬಂದಾಗ ನೋಡಿದೀನಿ. ಪೊಲೀಸ್ನೋರು ಕೂತಂಗಿರತ್ತೆ."

"ಆಗ್ಲೇ ಹೇಳ್ಬಾರ್ದಿತ್ತಾ?"

"ಪೇಪರ್ನೋರಿಗೆ ಯಾರು ಹೇಳ್ತಾರೆ? ನಾಳೆ ಬರೆದ್ಬಿಟ್ರೆ?"

ನನಗೆ ತಮಾಷೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅದು ತಮಾಷೆಯಲ್ಲ ಎಂದು ಅರ್ಥವಾಯಿತು.

ಕಾಲುವೆಯ ದಂಡೆಯ ಬೆಂಚಿನಲ್ಲಿ ಬಹಳ ಹೊತ್ತು ಕೂತೆ. ಬಾತುಕೋಳಿಗಳು ಬಂದು ಏನೂ ಸಿಗದೆ ಹೋದವು. ಇಪ್ಪತ್ತಾರು ವರ್ಷ ನಾನು ಕಲಿತ ಒಂದೇ ವಿದ್ಯೆ ಎದುರಿಗೆ ಕೂತು, ಕಣ್ಣು ತಪ್ಪಿಸದೆ ನೋಡಿ, ಇದ್ದದ್ದು ಇದ್ದ ಹಾಗೆ ಬರೆಯುವುದು. ಯಾರದೋ ಮನೆಯ ಊಟ ಕಿಟಕಿಯಲ್ಲಿ ಕಂಡರೆ ತಲೆ ತಗ್ಗಿಸಿ ಹೋಗುವವನು, ನನ್ನ ಮನೆಯಲ್ಲಿ ಎರಡು ವರ್ಷ ತಲೆ ಎತ್ತಿಯೇ ಕೂತಿದ್ದೆ. ಅವಳು ಒಂದು ದಿನವೂ ಬರೆಯಬೇಡಿ ಎನ್ನಲಿಲ್ಲ. ಶಾಲೆಯ ಪುಸ್ತಕದಲ್ಲಿ ಸಹಿ ಹಾಕಿ ಅಭ್ಯಾಸವಾದವಳು. ಇನ್ನೊಂದು ಪುಸ್ತಕಕ್ಕೂ ಒಗ್ಗಿಕೊಂಡಳು.

ಒಂದು ಮನೆಯ ಕೆಲವು ದಿನ ಪುರಾವೆಯಲ್ಲ. ತೊಳೆದ ತಟ್ಟೆಯೂ ಪುರಾವೆಯಲ್ಲ. ಇಷ್ಟು ಗೊತ್ತಿದ್ದೂ ಆ ದಿನ ಊರಿಗೆ ಹೋಗಬೇಕು ಅನ್ನಿಸಿದಷ್ಟು ಯಾವತ್ತೂ ಅನ್ನಿಸಿರಲಿಲ್ಲ. ಸಂಜೆಯಾದರೆ ನಮ್ಮ ಅಡುಗೆಮನೆಯಲ್ಲಿ ಅವರೆಕಾಳಿನ ಸಾರು ಕುದಿಯುತ್ತಿರುತ್ತದೆ, ಸೊಗಡು ಬಾಗಿಲು ದಾಟಿ ಬೀದಿಯವರೆಗೆ ಬರುತ್ತದೆ, ಸುಜಾತ ಸೆರಗು ಸಿಕ್ಕಿಸಿಕೊಂಡು ಮುದ್ದೆ ಕೋಲು ತಿರುವುತ್ತಿರುತ್ತಾಳೆ. ಅಲ್ಲಿಗೆ ಹೋದರೆ ಎಲ್ಲಿ ಕೂರಬೇಕು ಎಂಬುದು ಮಾತ್ರ ಹೊಳೆಯಲಿಲ್ಲ.

ಶನಿವಾರ, ಬೆಳಿಗ್ಗೆ ಒಂಬತ್ತೂವರೆ

ಹೊರಡುವ ಹಿಂದಿನ ದಿನ. ರಾತ್ರಿ ಮಂಜು ಬಿದ್ದು ಸೈಕಲ್ಲುಗಳ ಸೀಟುಗಳೆಲ್ಲ ಬೆಳ್ಳಗಾಗಿದ್ದವು. ಬೀದಿಯಲ್ಲಿ ನಡೆಯುತ್ತಿದ್ದಾಗ ಸುಜಾತಳ ಫೋನ್ ಬಂತು. ಅಲ್ಲಿ ಮಧ್ಯಾಹ್ನ ಎರಡು ಗಂಟೆ, ಶಾಲೆ ಅರ್ಧ ದಿನ. ವಿಡಿಯೊದಲ್ಲಿ ಕಂಡದ್ದು ನಮ್ಮ ಅಡುಗೆಮನೆಯ ಸೂರು ಮತ್ತು ಫ್ಯಾನಿನ ಒಂದು ರೆಕ್ಕೆ. ಫೋನನ್ನು ಕಟ್ಟೆಯ ಮೇಲೆ ಅಂಗಾತ ಮಲಗಿಸಿದ್ದಳು.

"ಕಾಣ್ತಿಲ್ಲ" ಎಂದೆ.

"ಕೈ ಖಾಲಿ ಇಲ್ಲ. ಹಂಗೇ ಮಾತಾಡಿ" ಎಂದಳು. "ಸೋಮವಾರ ಅಕ್ಕನ ಜೊತೆ ಕೋಲಾರಕ್ಕೆ ಹೋಗ್ತಾ ಇದೀನಿ, ಡಾಕ್ಟರ ಹತ್ರ. ಅವರ ಬಾಯಲ್ಲೇ ಇನ್ನೊಂದ್ಸಲ ಕೇಳ್ಕೊಂಡು ಆ ಇನ್ನೊಂದು ಮಾತ್ರೆ ಶುರು ಮಾಡ್ತೀನಿ. ನಿಮ್ಮ ಇಲಿಗಳು ಏನಂದ್ವು?"

"ನಿನ್ನ ವಿಷಯ ತಮಗೆ ಗೊತ್ತಿಲ್ಲ ಅಂದ್ವು."

"ಬುದ್ಧಿವಂತ ಇಲಿಗಳು" ಎಂದಳು.

ಆಗ ಕೇಳಿಸಿತು. ಮಾತು ತೊದಲಿದಂತಿತ್ತು. ಸಾಲು ಮಧ್ಯದಲ್ಲಿ ನಿಲ್ಲುತ್ತಿತ್ತು, ನುಂಗಿದ ಮೇಲೆ ಮುಂದಕ್ಕೆ ಹೋಗುತ್ತಿತ್ತು. ಅವಳು ತುಂಬಿದ ಬಾಯಲ್ಲಿ ಮಾತಾಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಇದಕ್ಕೇ ನನ್ನ ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದಳು. ಆ ದನಿಯನ್ನು ಎರಡು ವರ್ಷದಿಂದ ಕೇಳಿರಲಿಲ್ಲ.

ಏನು ತಿಂತಿದ್ದೀಯ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಬಿಟ್ಟು ಬೇರೆ ಏನೇನೋ ಕೇಳಿದೆ. ನೀರು ಬಂತಾ, ಬೈರಕೂರಿನಲ್ಲಿ ನಿಮ್ಮಮ್ಮನ ಮಂಡಿ ನೋವು ಹೇಗಿದೆ, ಹಿತ್ತಲಿನ ನುಗ್ಗೆಯಲ್ಲಿ ಹೂವು ಬಿಟ್ಟಿದೆಯಾ. ಎಲ್ಲಕ್ಕೂ ಉತ್ತರ ಬಂತು, ಒಂದೊಂದು ಉತ್ತರದ ನಡುವೆ ತಟ್ಟೆ ಸರಿದ ಸದ್ದು. ಬಾಗಿಲಲ್ಲಿ ಯಾರೋ ಕರೆದರು. ಪಕ್ಕದ ಮನೆಯವರು. ಸುಜಾತ ತೆಲುಗಿನಲ್ಲಿ ಕೂಗಿ ಹೇಳಿದಳು, "ಆಗಕ್ಕಾ, ತಿಂಟಾ ಉಂಡಾ." ತಾಳಕ್ಕಾ, ತಿಂತಾ ಇದೀನಿ. ನನಗಲ್ಲ, ಅವರಿಗೆ.

ಪಕ್ಕದ ಮನೆಯವರು ಆಮೇಲೆ ಬರ್ತೀನಿ ಎಂದು ಹೋದದ್ದೂ ಕೇಳಿಸಿತು.

ಸೂರು, ಫ್ಯಾನಿನ ರೆಕ್ಕೆ, ಕಿಟಕಿಯಿಂದ ಬಿದ್ದ ಮಧ್ಯಾಹ್ನದ ಬಿಸಿಲು. ಅಷ್ಟೇ ಕಾಣುತ್ತಿತ್ತು. ನಾನು ಆ ಅಡುಗೆಮನೆಯಲ್ಲಿ ಇರಬೇಕಿತ್ತು. ಇದ್ದಿದ್ದರೆ ಬಹುಶಃ ಈ ಸದ್ದು ಇರುತ್ತಿರಲಿಲ್ಲ. ಎರಡೂ ಒಟ್ಟಿಗೇ ತಿಳಿದು ಕಾಲುವೆಯ ಕಂಬಿ ಹಿಡಿದು ನಿಂತೆ. ಚಳಿಗೆ ಕೈ ಮರಗಟ್ಟುತ್ತಿತ್ತು.

"ಇದೀರಾ?" ಎಂದಳು.

"ಇದೀನಿ."

"ಇಟ್ಬಿಡ್ಲಾ?"

"ಇಡಬೇಡ. ನೀನು ನಿನ್ನ ಕೆಲಸ ನೋಡ್ಕೊ. ನಾನು ಸುಮ್ನೆ ಇರ್ತೀನಿ."

ತಟ್ಟೆ ಸರಿದ ಸದ್ದು ಮತ್ತೆ ಬಂತು. ನಲ್ಲಿ ತಿರುವಿ ಕೈ ತೊಳೆಯುವ ನೀರಿನ ಸದ್ದು ಬರುವವರೆಗೂ ಅಲ್ಲೇ ನಿಂತಿದ್ದೆ.